ಎಮಿಲನ ಜೇಬಿನ ಕಾರ್ಡು

ಗಂಡನ ಕೋಟಿನ ಜೇಬಿಗೆ ವರ್ನಾ ಬೇಸ್‌ಬಾಲ್ ಕಾರ್ಡೊಂದನ್ನು ತುರುಕುತ್ತಿದ್ದಾಗ ಅವನ ಹಳೇ ಗೆಳೆಯ ಲೀರಾಯ್ ಅವಳ ಕೈ ತಡೆದ.

“ಹಾಗೆ ತುರುಕ್ಬೇಡ ಮಾರಾಯ್ತಿ, ಮೂಲೆ ಮಡಚ್ಕೊಳ್ಳತ್ತೆ. ಎದ್ ಬಂದು ಬೈತಾನೆ.”

“ಬರ್ಲಿ ಬಿಡು, ಒಳ್ಳೇದೇ ಆಯ್ತು.”

ಇಬ್ಬರೂ ನಕ್ಕರು. ಚರ್ಚಿನಲ್ಲಿಟ್ಟ ಶವಪೆಟ್ಟಿಗೆಯಲ್ಲಿ ಎಮಿಲ್ ತಾನೇ ಕ್ಷೌರ ಮಾಡಿಕೊಂಡವನಂತೆ ನುಣ್ಣಗಿದ್ದ. ಸೀಡರ್ ರಾಪಿಡ್ಸ್‌ನಲ್ಲಿ ಐವತ್ತು ವರ್ಷ ಕ್ಷೌರದಂಗಡಿ ನಡೆಸಿದವನು. ಆಟಗಾರರ ಚಿತ್ರವಿರುವ ಹಳೇ ಕಾರ್ಡುಗಳೆಂದರೆ ಪ್ರಾಣ. ಆದರೆ ಹೆಸರುವಾಸಿಗಳು ಅವನಿಗೆ ಬೇಡ; ಒಂದೆರಡು ಪಂದ್ಯ ಆಡಿ ಮರೆಯಾದವರೇ ಬೇಕು. ಕುರ್ಚಿಯಲ್ಲಿ ಕೂತವರಿಗೆ ಅಂಥ ಒಬ್ಬನ ಕತೆ ಹೇಳದೆ ಕತ್ತರಿ ಕೆಳಗಿಡುತ್ತಿರಲಿಲ್ಲ. ಲೀರಾಯ್‌ಗೆ ತಲೆ ಬೋಳಾದ ಮೇಲೂ ಕತೆ ತಪ್ಪಲಿಲ್ಲ.

ಆಲ್ಬಮುಗಳೆಲ್ಲ ಊರಿನ ಗ್ರಂಥಾಲಯಕ್ಕೆ ಹೋಗಿದ್ದವು. ಉಳಿದದ್ದು ಇದೊಂದೇ, ಡ್ವೈಟ್ ಪೆಲ್‌ನ ಕಾರ್ಡು. ಅದರ ಮೇಲೆ ಪೆಲ್‌ನ ಸಹಿ ಬೀಳಬೇಕೆಂದು ಎಮಿಲ್ ಕಾದದ್ದೇ ಬಂತು. ವರ್ನಾಗೆ ಇದ್ದ ಕೊರಗು ಅದೊಂದೇ.

*

ಪೆಲ್ ದೊಡ್ಡ ತಂಡದಲ್ಲಿ ಆಡಿದ್ದು ಒಂದೇ ದಿನ. ಕೊನೆಯ ಗಳಿಗೆಯಲ್ಲಿ ಕೈಗೆ ಬಂದ ಚೆಂಡು ಬಿಟ್ಟ, ತಂಡ ಸೋತಿತು. ಪ್ರತಿ ಏಪ್ರಿಲ್‌ನಲ್ಲಿ ಎಮಿಲ್ ಆ ಕಾರ್ಡನ್ನು ಅಂಚೆಯಲ್ಲಿ ಅವನಿಗೆ ಕಳಿಸುತ್ತಿದ್ದ, ಜೊತೆಗೆ ಊರ ಸುದ್ದಿಯೆಲ್ಲ ತುಂಬಿದ ಪತ್ರ, ಸಹಿ ಹಾಕಿ ವಾಪಸು ಕಳಿಸಲು ಸ್ಟಾಂಪು ಹಚ್ಚಿದ ಲಕೋಟೆ. ಮೇ ತಿಂಗಳಲ್ಲಿ ಕಾರ್ಡು ಸಹಿಯಿಲ್ಲದೆ ಹೋದ ಹಾಗೇ ವಾಪಸು ಬರುತ್ತಿತ್ತು. ಹೀಗೆ ಮೂವತ್ತೊಂದು ವರ್ಷ.

“ಅವ್ರಿಗೆ ಇಷ್ಟ ಇಲ್ಲ ಕಣ್ರೀ, ಬಿಟ್ಬಿಡಿ,” ಎಂದು ವರ್ನಾ ರೇಗುತ್ತಿದ್ದಳು.

“ಇಷ್ಟ ಇಲ್ದಿದ್ರೆ ಕಸಕ್ಕೆ ಎಸೀತಿದ್ದ. ನೋಡು, ಮೂಲೆ ಮುರೀಬಾರ್ದು ಅಂತ ರಟ್ಟು ಇಟ್ಟು ಕಳಿಸಿದ್ದಾನೆ.”

ಈ ಏಪ್ರಿಲ್‌ನಲ್ಲಿ ಮಾತ್ರ ಎಮಿಲ್‌ಗೆ ಲೇಖನಿ ಹಿಡಿಯಲಾಗಲಿಲ್ಲ.

*

ಚರ್ಚಿನ ಬಾಗಿಲಲ್ಲಿ ಉದ್ದನೆಯ ಮುದುಕನೊಬ್ಬ ಕೋಲೂರಿ ನಿಂತಿದ್ದ.

“ನಾನು ಡ್ವೈಟ್ ಪೆಲ್ ಅಮ್ಮಾ. ಈ ಸಲ ಕಾಗ್ದ ಬರ್ಲಿಲ್ಲ. ಅಂಗಡಿಗೆ ಫೋನ್ ಮಾಡ್ದೆ, ಗೊತ್ತಾಯ್ತು.”

ವರ್ನಾಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. “ಒಂದು ಸಹಿ ಹಾಕಕ್ಕೆ ಮೂವತ್ತೊಂದು ವರ್ಷ ಸಾಲ್ಲಿಲ್ವಾ ನಿಮಗೆ?”

“ಮೊದಮೊದಲು ನಾಚಿಕೆ. ಆಮೇಲೆ...” ಪೆಲ್ ಟೋಪಿ ತೆಗೆದ. “ಸಹಿ ಹಾಕ್ಬಿಟ್ರೆ ಮಾರ್ನೇ ವರ್ಷ ಕಾಗ್ದ ಯಾಕೆ ಬರತ್ತೆ, ನೀವೇ ಹೇಳಿ. ನಂಗೆ ಬೇರೆ ಯಾರೂ ಬರೀತಿರ್ಲಿಲ್ಲ.”

“ಎಲಾ ಕಳ್ಳ!” ಎಂದ ಲೀರಾಯ್.

ವರ್ನಾ ಪೆಲ್‌ನನ್ನು ಶವಪೆಟ್ಟಿಗೆಯ ಬಳಿಗೆ ಕರೆದೊಯ್ದಳು. ಎಮಿಲ್‌ನ ಜೇಬಿನಿಂದ ಕಾರ್ಡು ತೆಗೆದು ಅವನ ಮುಂದೆ ಹಿಡಿದಳು. ಲೀರಾಯ್ ಪೆನ್ನು ಕೊಟ್ಟು, ಬರೆಯಲು ತನ್ನ ಬೆನ್ನನ್ನೇ ಬಗ್ಗಿಸಿದ. ಮುದುಕ ಒಂದೊಂದೇ ಅಕ್ಷರ ಬರೆದ.

ಮುಚ್ಚಳ ಹಾಕಲು ಬಂದವನು ಗಡಿಯಾರ ನೋಡಿಕೊಂಡ. “ಮುಚ್ಲಾ ಅಮ್ಮಾ? ಹೊತ್ತಾಯ್ತು.”

“ತಾಳಪ್ಪಾ, ಶಾಯಿ ಹಸೀ ಇದೆ,” ಎಂದು ವರ್ನಾ ಕಾರ್ಡನ್ನು ತುಟಿಯ ಹತ್ತಿರ ತಂದು ಮೆಲ್ಲಗೆ ಊದತೊಡಗಿದಳು.