ಹಂಸ ನೀಲಿಯ ಮನೋರಮಾ

ಹೋಟೆಲಿನ ಅಡುಗೆಮನೆಯ ಹಳೆಯ ಕಪಾಟು ಅಂದು ಗುಜರಿ ಕೊಳ್ಳುವ ಭಂಗಾರದವನ ಪಾಲಾಗಬೇಕಿತ್ತು. ಅವನ ಕೈಗಾಡಿ ಹಿಂಬಾಗಿಲಿಗೆ ಬಂದು ನಿಂತಿತ್ತು. ಅಜ್ಜಿ ಮಾತ್ರ ಕಪಾಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಹಲಗೆ ಬಿಚ್ಚಿ ನೋಡದೆ ಇದು ಹೋಗೂದಿಲ್ಲ."

ಹಣ ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತಿದ್ದ ಅಜ್ಜ ಅಲ್ಲಿಂದಲೇ ನಕ್ಕರು. "ಶುರುವಾಯ್ತು ಹಂಸ ನೀಲಿ ಪುರಾಣ!"

ಆ ಪುರಾಣ ನಾಸಿಕದ ನಮ್ಮ ಹೋಟೆಲಿನಲ್ಲಿ ಎಲ್ಲರಿಗೂ ಬಾಯಿಪಾಠ. ಅಜ್ಜಿ ಮದುವೆಯಾಗಿ ಕುಂದಾಪುರದಿಂದ ಬಂದ ಹೊಸತು. ಮಾಣಿಗಳ ಬಿಳಿ ಪಂಚೆಗಳನ್ನೆಲ್ಲ ಅವಳೇ ಒಗೆದು ನೀಲಿ ಹಾಕುತ್ತಿದ್ದಳು. ಅಂಚೆಯಲ್ಲಿ ಬರುತ್ತಿದ್ದ ಕನ್ನಡ ವಾರಪತ್ರಿಕೆಯಲ್ಲಿ ಹಂಸ ನೀಲಿಯವರು ಸ್ಪರ್ಧೆ ಇಟ್ಟಿದ್ದರು: ನಮ್ಮ ನೀಲಿಯ ಬಗ್ಗೆ ಒಂದು ವಾಕ್ಯ ಬರೆಯಿರಿ, ಗೆದ್ದ ಗೃಹಿಣಿಯ ವಾಕ್ಯವೂ ಫೋಟೋವೂ ಮುಂದಿನ ಜಾಹೀರಾತಿನಲ್ಲಿ ಬರುತ್ತವೆ. ಅಜ್ಜಿ ಗೆದ್ದಳು. ಆ ಸಂಚಿಕೆ ಬಂದಾಗ ಅಜ್ಜ ಊರಿಗೆ ಹೋಗಿದ್ದರು. ಅವರು ಮರಳುವಷ್ಟರಲ್ಲಿ ಪುಟ ಮಾಯವಾಗಿತ್ತು. "ಜೋಪಾನವಾಗಿ ಇಟ್ಟಿದ್ದೇನೆ" ಎಂದ ಅವಳ ಅತ್ತೆ, ಎಲ್ಲಿ ಎಂದು ಹೇಳದೆ ಆ ಚಳಿಗಾಲದಲ್ಲೇ ತೀರಿಕೊಂಡರು.

ಪುಟವನ್ನು ಕಣ್ಣಾರೆ ಕಾಣದ ಅಜ್ಜ ಇಷ್ಟು ವರ್ಷವೂ ಅದು ಕಟ್ಟುಕತೆಯೆಂದು ನಗೆಯಾಡಿದರು. ಅಜ್ಜಿ ಒಮ್ಮೆಯೂ ವಾದಿಸಿದವಳಲ್ಲ. ತಮಾಷೆ ಎದ್ದಾಗಲೆಲ್ಲ ಅವಳು ಎದ್ದು ಒಳಗೆ ಹೋಗಿ ಯಾವುದಾದರೊಂದು ಡಬ್ಬ ಒರೆಸುತ್ತಿದ್ದಳು. ಉಳಿದವರಿಗೆ ಅದು ಒಪ್ಪಿಗೆಯಂತೆ ಕಾಣುತ್ತಿತ್ತು. ನನಗೆ ಹಾಗೆ ಕಂಡದ್ದಿಲ್ಲ.

ಸಂಭಾಜಿನಗರದ ಚಿಕಲಠಾಣಾದಲ್ಲಿ ನಾವು ತೆರೆಯಲಿದ್ದ ಶಾಖೆಯ ಗೋಡೆಗೆಂದು ಅಣ್ಣ ವರುಣ ಹಳೆಯ ಜಾಹೀರಾತುಗಳ ಚಿತ್ರ ತರಿಸಿದ್ದ. ಎಲ್ಲವೂ ವಿಲಾಯತಿ ಸಾಬೂನು, ವಿಲಾಯತಿ ಹೆಂಗಸರು. ಅವನ್ನು ನೋಡಿದ ಸಂಜೆಯಿಂದ ಅಜ್ಜಿ ಕಪಾಟಿನ ಹಲಗೆಗಳ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಪ್ರತಿ ದೀಪಾವಳಿಗೆ ಹಲಗೆಗೆ ಪತ್ರಿಕೆಯ ಪುಟ ಹಚ್ಚುವುದು ನಮ್ಮ ಮನೆಯ ಪದ್ಧತಿ. ಹಳೆಯದನ್ನು ಕೀಳುವುದಿಲ್ಲ, ಅದರ ಮೇಲೆಯೇ ಮೈದಾ ಅಂಟು ಸವರಿ ಹೊಸದು. ದೇವರ ಚಿತ್ರವಿದ್ದ ಪುಟ ಮಾತ್ರ ಹಲಗೆಗಿಲ್ಲ.

"ಸಿಕ್ಕಿದ್ರೆ ಎಂತ ಕೊಡ್ತೀರಿ?" ಅಜ್ಜಿ ಕೇಳಿದಳು.

ಅಜ್ಜ ತಲೆಯ ಮೇಲೆ ತೂಗುತ್ತಿದ್ದ ಹೋಟೆಲು ಶುರುವಾದ ದಿನದ ತಮ್ಮ ಫೋಟೋ ತೋರಿಸಿದರು. "ಇದನ್ನು ಇಳಿಸಿ ನಿನ್ನನ್ನು ಹತ್ತಿಸ್ತೇನೆ ಮಾರಾಯ್ತಿ!"

ಅಡುಗೆಯ ಕಿಟ್ಟಣ್ಣ ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ. ನಾನೂ ಅಣ್ಣನೂ ಮೊದಲ ಹಲಗೆಯನ್ನು ಹಬೆಯ ಮೇಲೆ ಮಗುಚಿ ಹಿಡಿದೆವು.

"ಎಂ.ಎ. ಮಾಡಿದ್ದು ಇದಕ್ಕಾ ಶರ್ಮಿಳಾ?" ಅಜ್ಜ ನನ್ನತ್ತ ಕೂಗಿದರು.

ಅಂಟು ನೆನೆಯಿತು. ಅಜ್ಜಿ ದೋಸೆಯ ಸಟ್ಟುಗ ತೂರಿಸಿದಳು. ಪುಟಗಳು ನೀರುದೋಸೆಯ ಹಾಗೆ ಒಂದೊಂದಾಗಿ ಎದ್ದವು. ಕುಕ್ಕರು, ಹಲ್ಲುಪುಡಿ, ತಲೆಗೂದಲಿನ ಎಣ್ಣೆ, ಸೊಳ್ಳೆಬತ್ತಿ. ನಗುವ ಹೆಂಗಸರೆಲ್ಲರ ಕೆನ್ನೆಯ ಮೇಲೆ ಡಬ್ಬದ ತುಕ್ಕಿನ ಉಂಗುರ. ಒಂದೊಂದನ್ನೂ ಹಚ್ಚಿದವಳು ಅಜ್ಜಿಯೇ. ಅವು ಹಿಂದೆ ಹಿಂದೆ ಹೋಗುತ್ತಿದ್ದಂತೆ ಅವಳ ಬೆರಳು ನಿಧಾನವಾಯಿತು.

ಕೊನೆಯ ಹಲಗೆಯ ತಳದ ಪುಟಕ್ಕೆ ಬಂದಾಗ ಅಲ್ಲಿದ್ದದ್ದು ಯಾವುದೋ ಧಾರಾವಾಹಿಯ ಅರ್ಧ ಕಂತು, ಅಷ್ಟೆ.

"ಬಸ್, ಮುಗೀತು ಅಜ್ಜಿ" ಎಂದು ವರುಣ ಹಲಗೆ ಎತ್ತಿಕೊಂಡ. ಗಲ್ಲೆಯಿಂದ ಅಜ್ಜನ ಕೆಮ್ಮಿನಂಥ ನಗು ಕೇಳಿತು. ಭಂಗಾರದವನು ಕೈ ಚಾಚಿದ.

ಅಜ್ಜಿ ಒಳಗೆ ಹೋಗಲಿಲ್ಲ. ಡಬ್ಬ ಒರೆಸಲಿಲ್ಲ. ಅಂಗೈಯನ್ನು ಆ ಪುಟದ ನಡುವೆ ಇಟ್ಟಳು. ಕಾಗದ ಉಸಿರಾಡಿದ ಹಾಗೆ ಉಬ್ಬಿ ತಗ್ಗಿತು.

"ನಡುವೆ ಅಂಟೇ ಇಲ್ಲ" ಎಂದಳು. "ಅಂಚಿಗೆ ಮಾತ್ರ ಹಾಕಿದ್ದಾರೆ. ಇದು ಅತ್ತೆಯ ಕೈ."

ನಾಲ್ಕು ಅಂಚು ಬಿಡಿಸಿ ಮಗುಚಿದಳು. ಒಂದು ಹಂಸ. ಕೆಳಗೆ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳ ಮುಖ, ಒಂದು ಕಲೆಯೂ ಇಲ್ಲದೆ. 'ಇಡ್ಲಿ ಬಿಳಿಯೋ ಬಡಿಸುವವನ ಪಂಚೆ ಬಿಳಿಯೋ ಎಂದು ನಮ್ಮ ಹೋಟೆಲಿನಲ್ಲಿ ದಿನವೂ ಜಗಳ. — ಮನೋರಮಾ, ನಾಸಿಕ.'

ಕಿಟ್ಟಣ್ಣ ಜೋರಾಗಿ ಶಿಳ್ಳೆ ಹಾಕಿದ. ಹಾಲ್‌ನಲ್ಲಿ ತ್ರ್ಯಂಬಕೇಶ್ವರಕ್ಕೆ ಹೊರಟಿದ್ದ ಗಿರಾಕಿಗಳು ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು.

"ಮಗುಚಿ ಯಾಕೆ ಹಚ್ಚಿದ್ರು?" ನಾನು ಕೇಳಿದೆ.

"ಸೊಸೆಯ ಮುಖದ ಮೇಲೆ ಡಬ್ಬ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಅವರಿಗೆ." ಅವಳು ತುಕ್ಕಿನ ಉಂಗುರದ ಪುಟಗಳ ರಾಶಿಯತ್ತ ಕೈ ತೋರಿಸಿದಳು. "ನಾನೇ ಅದರ ಮೇಲೆ ವರ್ಷ ವರ್ಷ ಹಚ್ಚುತ್ತಾ ಬಂದೆ, ನೋಡು."

ಅಜ್ಜ ಗಲ್ಲೆ ಬಿಟ್ಟು ಎದ್ದು ಬಂದರು. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಚಿತ್ರದ ಬಲ ಅಂಚಿಗೆ ಬೆರಳಿಟ್ಟರು. "ಇದ್ಯಾರ ಭುಜ?"

"ನಿಮ್ಮದೇ. ಮದುವೆ ಫೋಟೋ ಕತ್ತರಿಸಿ ಕಳಿಸಿದ್ದು. ಬೇರೆ ಇರ್ಲಿಲ್ಲ."

"ನನ್ನನ್ನು ಕತ್ತರಿಸಿದ್ಯಾ!"

"ಪೂರ್ತಿ ಆಗ್ಲಿಲ್ಲ, ಎಂತ ಮಾಡೂದು?"

ಮೊದಲು ನಕ್ಕವರು ಅಜ್ಜನೇ. ನಂತರ ಯಾರೂ ಹೇಳದೆ ಸ್ಟೂಲು ಹತ್ತಿ ತಮ್ಮ ಫೋಟೋ ಇಳಿಸಿದರು.

ವಿಲಾಯತಿ ಹೆಂಗಸರು ವಾಪಸಾದರು. ಚಿಕಲಠಾಣಾದ ಶಾಖೆಯಲ್ಲಿ ಈಗ ಗೋಡೆಯಗಲಕ್ಕೆ ಹಂಸ ನೀಲಿಯ ಪ್ರತಿ ಇದೆ. ಮೂಲ ಪುಟ ನಾಸಿಕದಲ್ಲಿ, ಗಲ್ಲೆಯ ಹಿಂದೆ. ಅದನ್ನು ತೂಗುಹಾಕಿದ ದಿನ ಅಜ್ಜ ಸ್ಟೂಲಿನ ಮೇಲಿಂದ "ಸರಿ ಉಂಟಾ?" ಎಂದು ಕೇಳಿದರು.

ಅಜ್ಜಿ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇನ್ನೂ ಮೇಲೆ" ಎಂದಳು.