ಬಲಕ್ಕೆ ಬಿದ್ದ ಎರಡು ಹೂವು

ನಮ್ಮ ಸೊಸೆ ಸೌಂದರ್ಯಾ ಕೊಪ್ಪದಲ್ಲಿ ಇಂಟರ್ನೆಟ್ ಲೈನು ಕೊಡುವವರ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕೆಲಸವೆಂದರೆ ಫೋನು ಎತ್ತುವುದು. ನೆಟ್ ಹೋಯಿತೆಂದು ಜಯಪುರದಿಂದ, ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಜನ ಕರೆ ಮಾಡಿ ಬೈಯುತ್ತಾರೆ. ಇವಳು ಬೈಗುಳ ಮುಗಿಯುವವರೆಗೆ ಕಾದು, ದೂರು ಬರೆದುಕೊಂಡು, ನಮ್ಮವರು ಬರುತ್ತಾರೆ ಎನ್ನುತ್ತಾಳೆ. ಕೊಂಬೆ ಬಿದ್ದು ತಂತಿ ಹರಿದರೂ ಬೈಗುಳ ಇವಳಿಗೆ, ಮಂಗ ಜಗ್ಗಿದರೂ ಇವಳಿಗೆ. ಒಬ್ಬರಂತೂ ತಮ್ಮ ಮನೆಯ ಕರೆಂಟು ಹೋದದ್ದಕ್ಕೂ ಇವಳನ್ನೇ ಬೈದಿದ್ದರು.

ಅಂಗಡಿಯ ಯಜಮಾನರಾದ ಪ್ರಸನ್ನಕುಮಾರ್ ಶೃಂಗೇರಿಯಲ್ಲಿ ಇನ್ನೊಂದು ಅಂಗಡಿ ತೆಗೆಯುವವರಿದ್ದರು. ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳಲು ನೆಟ್‌ವರ್ಕಿಂಗ್‌ನ ಮೊದಲ ಹಂತದ ಪರೀಕ್ಷೆ ಪಾಸು ಮಾಡಿದವರೊಬ್ಬರು ಬೇಕಿತ್ತು. ಓದುತ್ತೇನೆ ಅಂದರೆ ಪಾಸಾಗುವವರೆಗೆ ಜಾಗ ಹಿಡಿದಿಡುತ್ತೇನೆ ಎಂದು ಅವರು ಸೌಂದರ್ಯಾಗೆ ಹೇಳಿದ್ದರು. ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಉತ್ತರ ಬರದಿದ್ದರೆ ಆ ಜಾಗ ಕಡಹಿನಬೈಲಿನ ಶಿಶಿರ ಎಂಬವನಿಗೆ ಹೋಗುತ್ತಿತ್ತು.

ಓದಬೇಕೋ ಬೇಡವೋ ಎಂಬುದು ಮನೆಯಲ್ಲಿ ಇತ್ಯರ್ಥವಾಗಲಿಲ್ಲ. ಮಗ ಧರ್ಮೇಶ್ ಅಡಿಕೆ ಮಂಡಿಯಲ್ಲಿ ತೂಕಕ್ಕೆ ನಿಲ್ಲುವವನು. ಈ ಸರ್ಟಿಫಿಕೇಟಿನ ಬೆಲೆ ಮೂರೇ ವರ್ಷ, ಆಮೇಲೆ ಮತ್ತೆ ಪರೀಕ್ಷೆ ಕೊಡಬೇಕು ಎಂದು ತಿಳಿದಾಗ ಅವನಿಗೆ ಅದರ ಮೇಲಿನ ಗೌರವವೇ ಹೋಯಿತು.

"ಮೂರು ವರ್ಷಕ್ಕೆ ಹಳಸೋ ವಿದ್ಯೆ ಎಂತ ವಿದ್ಯೆ ಮಾರಾಯ್ತಿ? ನನ್ನ ಎಸ್ಸೆಸ್ಸೆಲ್ಸಿ ನೋಡು, ಇನ್ನೂ ಗಟ್ಟಿ ಇದೆ."

"ಅದನ್ನ ಯಾರೂ ಮುಟ್ಟಿಲ್ಲ. ಅದಕ್ಕೇ ಗಟ್ಟಿ ಇದೆ," ಎಂದಳು ಸೌಂದರ್ಯಾ.

ಅವಳಿಗೂ ಧೈರ್ಯವಿರಲಿಲ್ಲ. ಒಂದು ದಿನ ಓದುತ್ತೇನೆ ಎನ್ನುವಳು, ಮರುದಿನ ಪಾಸಾದ ಮಾತ್ರಕ್ಕೆ ಕೆಲಸ ಬಂದೀತೇ, ಇಡೀ ಜಗತ್ತೇ ಆ ಪರೀಕ್ಷೆ ಬರೆದು ಕೂತಿದೆಯಂತೆ ಎನ್ನುವಳು. ಆದರೂ ರುಚಿ ಹತ್ತಿತ್ತು. ಸಂಜೆ ಮೊಬೈಲಿನಲ್ಲಿ ಪಾಠ ನೋಡಿ ನಮ್ಮ ಮೇಲೆ ಪ್ರಯೋಗ ಮಾಡುವಳು. ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರಬೇಕು, ಯಾವ ಸುದ್ದಿ ಯಾರಿಗೆ ಎಂದು ನಮ್ಮ ಒಳಕೋಣೆಯಲ್ಲಿರುವಂಥ ನಡುವಿನ ಡಬ್ಬಿ ನೋಡಿ ಕಳಿಸುತ್ತದೆ ಎಂಬಷ್ಟು ನನಗೂ ತಿಳಿಯಿತು. ಒಂದು ಸಂಜೆ ನನ್ನನ್ನು ಜಗಲಿಯ ಒಂದು ತುದಿಯಲ್ಲಿ, ಧರ್ಮೇಶನನ್ನು ಇನ್ನೊಂದು ತುದಿಯಲ್ಲಿ ಕೂರಿಸಿ, ನೀವಿಬ್ಬರೂ ಕಂಪ್ಯೂಟರು, ಅಲ್ಲಾಡಬಾರದು ಎಂದಳು. ಧರ್ಮೇಶನಿಗೆ ಮುಟ್ಟಿಸಬೇಕಾದ ಸುದ್ದಿಯೆಂದು ನನ್ನ ಕೈಗೆ ಒಂದು ಕೊಬ್ಬರಿ ಮಿಠಾಯಿ ಕೊಟ್ಟಳು. ನಾನು ಅದನ್ನು ತಿಂದುಬಿಟ್ಟೆ. ಸುದ್ದಿ ದಾರಿಯಲ್ಲೇ ಕಳೆದುಹೋಗುವುದೂ ಪಾಠದಲ್ಲಿದೆ ಎಂದು ಅವಳು ಬಿದ್ದು ಬಿದ್ದು ನಕ್ಕಳು. ಅವಳ ಅತ್ತೆ ತೀರಿಕೊಂಡ ಮೇಲೆ ನಮ್ಮ ಜಗಲಿಯಲ್ಲಿ ಅಂಥ ನಗು ಕೇಳಿರಲಿಲ್ಲ.

ನನ್ನ ಮನೆಯಾಕೆ ಹೋಗಿ ವರ್ಷ ಕಳೆದಿದೆ. ಅವಳಿದ್ದರೆ ಇಷ್ಟು ಎಳೆದಾಟವೇ ಇರುತ್ತಿರಲಿಲ್ಲ. ಕೊಟ್ಟಿಗೆಗೆ ಹಂಚೋ ಶೀಟೋ ಎಂಬುದರಿಂದ ಹಿಡಿದು ಧರ್ಮೇಶನ ಮದುವೆಯವರೆಗೆ ಎಲ್ಲವನ್ನೂ ಅವಳು ಊರಿನ ಅಮ್ಮನ ಗುಡಿಯಲ್ಲಿ ಪ್ರಸಾದ ಕೇಳಿಯೇ ತೀರ್ಮಾನಿಸುತ್ತಿದ್ದಳು. ಅಮ್ಮನ ವಿಗ್ರಹದ ಮೇಲೆ ಭಟ್ಟರು ಹೂವಿಡುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ನಾನು ಕೈಮುಗಿದು ಹಿಂದೆ ನಿಲ್ಲುವವನು. ಕೇಳುವುದೆಲ್ಲ ಅವಳ ಪಾಲಿನದಾಗಿತ್ತು.

ಶನಿವಾರ ಬೆಳಿಗ್ಗೆ ನಾನೇ ಹೋದೆ. ಭಟ್ಟರಾದ ಯಜ್ಞೇಶರು ಹೂವಿಟ್ಟು, ಮನಸ್ಸಿನಲ್ಲಿರುವುದನ್ನು ಹೇಳಿ ಎಂದರು. ನಾನು ಕಣ್ಣುಮುಚ್ಚಿ, ಸೊಸೆ ಆ ಪರೀಕ್ಷೆಗೆ ಓದಬಹುದೇ, ಓದಿದರೆ ಪಾಸಾದಾಳೇ, ಪಾಸಾದರೆ ಶೃಂಗೇರಿ ಬಸ್ಸು ಸಂಜೆ ಸರಿಯಾದ ಹೊತ್ತಿಗೆ ಸಿಕ್ಕೀತೇ, ಮೂರು ವರ್ಷದ ಮೇಲೆ ಇವಳ ಗತಿಯೇನು ಎಂದು ಒಂದೇ ಉಸಿರಿಗೆ ಕೇಳಿದೆ. ಹೂವು ಅಲ್ಲಾಡಲಿಲ್ಲ.

"ಒಂದೊಂದೇ ಕೇಳಿ ನಾರಾಯಣಣ್ಣ. ಅಮ್ಮ ಯಾವುದಕ್ಕೆ ಅಂತ ಉತ್ತರ ಕೊಡೋದು?" ಎಂದರು ಯಜ್ಞೇಶರು.

ಓದಬಹುದೇ ಎಂಬುದೊಂದನ್ನೇ ಕೇಳಿದೆ. ಹೂವು ಬಲಕ್ಕೆ ಬಿತ್ತು. ಪಕ್ಕದಲ್ಲಿ ಅವಳಿಲ್ಲವಲ್ಲ ಎಂದು ಕಣ್ಣು ತುಂಬಿತು. ಯಜ್ಞೇಶರು ಏನೋ ಹೇಳಹೊರಟವರು, ಸುಮ್ಮನಾಗಿ ತೀರ್ಥ ಕೊಟ್ಟರು.

ಮರುದಿನ ಭಾನುವಾರ ಮೆಣಸೆಯಿಂದ ನನ್ನ ಅಕ್ಕ ವೆಂಕಮ್ಮ ಬಂದಳು. ಕಾಫಿ ಕುಡಿಯುವ ಮೊದಲೇ ಒಂದು ಸುದ್ದಿ ಹೇಳಿದಳು. ಅವಳು ಶುಕ್ರವಾರವೇ ಬಂದು, ನಮಗೆ ಯಾರಿಗೂ ತಿಳಿಸದೆ, ಅದೇ ಅಮ್ಮನ ಬಳಿ ಸೊಸೆ ಈ ಓದು ಬಿಡಬಹುದೇ ಎಂದು ಕೇಳಿದ್ದಳು. ಹೂವು ಬಲಕ್ಕೇ ಬಿದ್ದಿತ್ತು.

ಇಳಿವಯಸ್ಸಿನ ನಾವಿಬ್ಬರೂ ಜಗಳಕ್ಕೆ ಕೂತೆವು. ತಾನು ಮೊದಲು ಕೇಳಿದ್ದು ಎಂದು ಅವಳ ವಾದ. ಆಮೇಲೆ ಬಂದ ಅಪ್ಪಣೆಯೇ ಊರ್ಜಿತ ಎಂದು ನನ್ನದು. ನನ್ನ ಪ್ರಶ್ನೆಗೆ ಇಟ್ಟದ್ದು ದಾಸವಾಳ, ಭಾರದ ಹೂವು, ತಾನಾಗಿ ಜಾರಿರಬೇಕು ಎಂದಳು ಅವಳು. ಅವಳ ಪ್ರಶ್ನೆಗೆ ಇಟ್ಟದ್ದು ಕೇಪಳ, ಅಷ್ಟು ಹಗುರದ ಹೂವು ನೊಣ ಹಾರಿದರೂ ಬೀಳುತ್ತದೆ ಎಂದೆ. ಆಮೇಲೆ ಇಬ್ಬರಿಗೂ ಹೆದರಿಕೆಯಾಗಿ ಗುಡಿಯ ದಿಕ್ಕಿಗೆ ಕೈಮುಗಿದೆವು.

ಯಜ್ಞೇಶರನ್ನೇ ಕೇಳೋಣ ಎಂದು ಧರ್ಮೇಶ್ ವಿಡಿಯೋ ಕರೆ ಮಾಡಿಕೊಟ್ಟ. ಅವರ ಮುಖ ಕಾಣಿಸಿತು.

"ಒಬ್ಬರು ಕೇಳಿದ್ದನ್ನ ಇನ್ನೊಬ್ಬರಿಗೆ ಹೇಳೋ ಕ್ರಮ ಇಲ್ಲ, ಅದಕ್ಕೇ ನಿನ್ನೆ ಸುಮ್ಮನಿದ್ದೆ. ಈಗ ಇಬ್ಬರಿಗೂ ಗೊತ್ತಾಯ್ತಲ್ಲ. ನೋಡಿ, ಇದರ ಅರ್ಥ ಏನಂದ್ರೆ..." ಎನ್ನುವಾಗ ಅವರ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತುಹೋಯಿತು. ನೆಟ್ ಹೋಗಿತ್ತು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ನಡುವಿನ ಡಬ್ಬಿಯ ಮೇಲೆ ಅಂಟಿಸಿದ್ದ ದೂರಿನ ನಂಬರನ್ನು ಧರ್ಮೇಶನಿಂದ ಓದಿಸಿಕೊಂಡು, ತನ್ನ ಮೊಬೈಲಿನಲ್ಲಿ ಒತ್ತಿ, ಜಗಲಿಯಲ್ಲಿ ನಿಂತು ಬೈಯತೊಡಗಿದಳು. ಬೈಗುಳ, ದೇವರ ಮಾತು ಅರ್ಧಕ್ಕೆ ನಿಲ್ಲಿಸಿದವರು ಉದ್ಧಾರವಾಗುವುದಿಲ್ಲ ಎಂಬಲ್ಲಿಗೆ ಹೋಯಿತು. ಆ ಕಡೆಯ ಹೆಂಗಸು ಬಹಳ ತಾಳ್ಮೆಯವಳು. ಬೈಗುಳ ಮುಗಿದ ಮೇಲೆ, ಡಬ್ಬಿಯಲ್ಲಿ ದೀಪ ಕೆಂಪಿದೆಯೋ ಹಸಿರಿದೆಯೋ ನೋಡಿ ಎಂದಳು. ಅಕ್ಕ ಫೋನು ಕಿವಿಗಿಟ್ಟುಕೊಂಡೇ ದೀಪ ನೋಡಲು ಒಳಕೋಣೆಗೆ ಹೋದಳು. ಡಬ್ಬಿಯ ಪಕ್ಕದಲ್ಲಿ ಸೌಂದರ್ಯಾ ಫೋನು ಕಿವಿಗಿಟ್ಟುಕೊಂಡು ಕೂತಿದ್ದಳು. ಭಾನುವಾರ ದೂರಿನ ಫೋನು ಅವಳ ಮೊಬೈಲಿಗೆ ಬರುತ್ತದೆ.

ಎದುರುಬದುರು ನಿಂತರೂ ಇಬ್ಬರೂ ಫೋನು ಇಳಿಸಲಿಲ್ಲ.

"ಕೆಂಪು," ಎಂದಳು ಅಕ್ಕ, ಫೋನಿನೊಳಗೆ.

"ದೂರು ಬರ್ಕೊಂಡಿದೀನಿ ಅತ್ತೆ. ನಮ್ಮವರು ಬರ್ತಾರೆ," ಎಂದಳು ಸೌಂದರ್ಯಾ, ಅವಳೂ ಫೋನಿನೊಳಗೆ.

"ನಮ್ಮವರು ಅಂದ್ರೆ ಯಾರೇ? ನೀನೇ ಇಲ್ಲಿದೀಯಲ್ಲ. ಎಂತಾಗಿದೆ ಅಂತ ನಿಂಗೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಅತ್ತೆ. ಬೈಸ್ಕೊಳೋದಷ್ಟೇ ನನ್ನ ಕೆಲ್ಸ. ಗೊತ್ತುಮಾಡ್ಕೊಳೋಕೇ ಓದು ಬೇಕಾಗಿರೋದು."

ಅಕ್ಕ ಫೋನು ಇಳಿಸಿ ಮಂಚದ ಮೇಲೆ ಕೂತಳು. ದಿನಾ ಹೀಗೇ ಬೈಯುತ್ತಾರಾ ಎಂದು ಕೇಳಿದಳು. ನೀವು ಬೈದದ್ದು ಏನೂ ಅಲ್ಲ, ಕೆಲವರು ಸತ್ತುಹೋದವರನ್ನೂ ಸೇರಿಸಿ ಬೈಯುತ್ತಾರೆ ಎಂದಳು ಸೌಂದರ್ಯಾ. ಆಗ ಅಕ್ಕ ತನ್ನ ಮನಸ್ಸಿನಲ್ಲಿದ್ದುದನ್ನು ಬಿಚ್ಚಿದಳು. ಅವಳ ಚಿಂತೆ ಓದಿನದಲ್ಲ, ನನ್ನದು. ಸೊಸೆ ಶೃಂಗೇರಿಗೆ ಹೋಗಿ ಕತ್ತಲಾದ ಮೇಲೆ ಬಂದರೆ ಹೆಂಡತಿಯಿಲ್ಲದ ತಮ್ಮ ಊಟವಿಲ್ಲದೆ ಕೂರುತ್ತಾನೆ ಎಂದು ಹೆದರಿ ಬಿಡಬಹುದೇ ಎಂದು ಕೇಳಿದ್ದಳಂತೆ. ಅನ್ನ ಇಡುವುದನ್ನು ನಾನೇ ಕಲಿಯುತ್ತೇನೆ ಎಂದೆ. ಯಾರೂ ನಂಬಲಿಲ್ಲ.

ಅಷ್ಟರಲ್ಲಿ ಯಜ್ಞೇಶರೇ ಸ್ಕೂಟರಿನಲ್ಲಿ ಬಂದರು. ಅರ್ಧ ಮಾತಿಗೆ ನಿಂತ ದೇವರ ಕಾರ್ಯ ಮನೆಗೆ ಒಳ್ಳೆಯದಲ್ಲ ಎಂದು ಓಡಿಬಂದಿದ್ದರು.

"ಓದಬಹುದಾ ಅಂದ್ರೆ ಹೂಂ ಅಂದಿದಾಳೆ, ಬಿಡಬಹುದಾ ಅಂದ್ರೂ ಹೂಂ ಅಂದಿದಾಳೆ. ಅಂದ್ರೆ ಅಮ್ಮನ ಅಡ್ಡಿ ಯಾವುದಕ್ಕೂ ಇಲ್ಲ. ಈ ಕೂಸನ್ನ ಯಾರಾದ್ರೂ ಕೇಳಿದ್ರಾ?" ಎಂದರು.

ಎಲ್ಲರೂ ಅವಳಿಗೆ ಹೇಳಿದ್ದೆವು, ಕೇಳಿರಲಿಲ್ಲ.

ಸೌಂದರ್ಯಾ ಸೆರಗಿನ ತುದಿ ಸುತ್ತುತ್ತ, "ಪಾಸಾಗ್ತೀನೋ ಇಲ್ವೋ ಗೊತ್ತಿಲ್ಲ. ಮೂರು ವರ್ಷಕ್ಕೆ ಹಳಸಿದ್ರೂ ಅಡ್ಡಿಯಿಲ್ಲ. ಎಂತಾಗಿದೆ ಅಂತ ಕೇಳಿದವರಿಗೆ ಇಂಥದ್ದಾಗಿದೆ ಅಂತ ಹೇಳ್ಬೇಕು ನಂಗೆ. ಓದ್ತೀನಿ," ಎಂದಳು.

ಧರ್ಮೇಶ್ ಹೋಗಿ, ಅವಳು ಪಾಠ ಬರೆದುಕೊಳ್ಳುವ ಪುಸ್ತಕಕ್ಕೆ ಮಂಡಿಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕತೊಡಗಿದ.

ಯಜಮಾನರಿಗೆ ಈಗಲೇ ತಿಳಿಸಿಬಿಡು ಎಂದು ಅಕ್ಕ ಅವಸರಿಸಿ, ನಂಬರು ಕೇಳಿ ತಾನೇ ಕರೆ ಮಾಡಿದಳು. ಸೌಂದರ್ಯಾಳ ಮೊಬೈಲು ಹೊಡೆದುಕೊಂಡಿತು. ಭಾನುವಾರ ಬೈಸಿಕೊಳ್ಳಲಾರದೆ ಯಜಮಾನರು ತಮ್ಮ ಫೋನನ್ನೂ ಅವಳಿಗೇ ತಿರುಗಿಸಿದ್ದರು. ಅಕ್ಕ ಮತ್ತೊಮ್ಮೆ ಮಾಡಿದಳು. ಮತ್ತೆ ಸೌಂದರ್ಯಾಳೇ ಎತ್ತಿದಳು.

ಹೀಗಾಗಿ ಸೋಮವಾರ ಮೊದಲ ಬಸ್ಸಿಗೆ ನಾವೆಲ್ಲರೂ ಕೊಪ್ಪಕ್ಕೆ ಹೋದೆವು. ಬಾಗಿಲು ತೆಗೆಯಲು ಬಂದ ಪ್ರಸನ್ನಕುಮಾರ್ ಮೆಟ್ಟಿಲ ಮೇಲೆ ಇಡೀ ಸಂಸಾರವನ್ನು ಕಂಡು, ಯಾರ ಲೈನು ಹೋಗಿದೆ ಎಂದು ಗಾಬರಿಯಾದರು. ಸೌಂದರ್ಯಾ ಮುಂದೆ ಬಂದು, ಓದುತ್ತೇನೆ ಸಾರ್ ಎಂದಳು. ಅವರು ಸಂತೋಷವೇ ಎಂದು, ಪಾಠದ ಹೊತ್ತಿಗೆ ಮಧ್ಯಾಹ್ನದ ಮೇಲೆ ಬಿಡುವು ಕೊಡಲು ಒಪ್ಪಿದರು. ಶಿಶಿರನನ್ನು ಫೋನು ಎತ್ತಲು ಕೊಪ್ಪದಲ್ಲೇ ಇಟ್ಟುಕೊಳ್ಳುತ್ತೇನೆ ಎಂದರು. ಹಾಗಾದರೆ ಅವನು ಬರುವವರೆಗೆ ಮಧ್ಯಾಹ್ನ ಫೋನು ಎತ್ತುವವರು ಯಾರು ಎಂದು ಅಕ್ಕ ಕೇಳಿದಳು. ಅದನ್ನು ಅವರು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಸೌಂದರ್ಯಾ ಅಭ್ಯಾಸಬಲದಿಂದ ಒಂದು ಹೆಜ್ಜೆ ಇಟ್ಟಳು. ಅಕ್ಕ ಅವಳ ಕೈ ಹಿಡಿದುಕೊಂಡಳು. ಪ್ರಸನ್ನಕುಮಾರ್ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ, ಒಳಗೆ ಹೋಗಿ, ಫೋನನ್ನು ಎತ್ತಿ ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡರು.