ಸೋಸಿದ ಸದ್ದು

ಎದುರು ಕೂತ ಹೆಂಗಸಿಗೆ ನಿಜ ಹೇಳಲು ಕಿವಿರಾಯನಿಗೆ ಬಾಯೇ ಬರಲಿಲ್ಲ. ಸ್ಪೇನಿನ ಫ್ಲಮೆಂಕೊ ಹಾಡುಗಳ ಹಳೆಯ ಗ್ರಾಮಫೋನ್ ಪ್ಲೇಟುಗಳ ಮೇಲೆ ಹಾಡಿದವನ ಹೆಸರಷ್ಟೇ ಇರುತ್ತದೆ. ಪಕ್ಕದಲ್ಲಿ ಗಿಟಾರ್ ನುಡಿಸಿದವನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಬೆರಳಿನ ವರಸೆ ಕೇಳಿ ಅವನು ಯಾರೆಂದು ಪತ್ತೆಹಚ್ಚುವುದು ಧ್ವನಿ ಸಂಗ್ರಹಾಲಯದಲ್ಲಿ ಇವನ ಕೆಲಸ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಸಂಗ್ರಹಾಲಯದ ಒಂದು ಪ್ಲೇಟಿನಲ್ಲಿ ನುಡಿಸಿದ್ದು ತನ್ನಪ್ಪ ಎಂದು ಆಕೆ ಬಂದಿದ್ದಳು. ಒಂದು ಫೋಟೋ ಬಿಟ್ಟರೆ ಅಪ್ಪನದೆನ್ನುವುದು ಏನೂ ಉಳಿದಿಲ್ಲವಂತೆ. ಪ್ಲೇಟಿಗಿಂತ ಹಳೆಯದಾದ ಆ ಫೋಟೋದಲ್ಲಿ ಅವನ ಬಲಗೈಯ ಉಂಗುರ ಬೆರಳು ಮೊಂಡು. ಇಬ್ಬರೂ ಈಗಷ್ಟೇ ಕೇಳಿದ ಪ್ಲೇಟಿನಲ್ಲಿ ಆ ಬೆರಳು ಸಲೀಸಾಗಿ ಓಡುತ್ತಿತ್ತು.

"ಇದು ಅವರಲ್ಲಮ್ಮ," ಎಂದ ಕೊನೆಗೆ.

"ನಾನೇ ನುಡಿಸಿದ್ದು ಅಂತ ಸಾಯೋವರೆಗೂ ಹೇಳ್ತಿದ್ರು," ಎಂದು ಆಕೆ ಕೈಚೀಲದ ಹಿಡಿ ತಿರುವುತ್ತ ಕೂತಳು. ಆಮೇಲೆ ಚಪ್ಪಾಳೆಯೆಲ್ಲ ಎಲ್ಲಿ ಹೋಯಿತೆಂದು ಕೇಳಿದಳು. ನುಡಿಸಿದ ದಿನ ಕೋಣೆ ತುಂಬ ಚಪ್ಪಾಳೆ ಎಂದು ಅಪ್ಪ ಹೇಳುತ್ತಿದ್ದನಂತೆ.

ತಂತಿ ಚೆನ್ನಾಗಿ ಕೇಳಲೆಂದು ಚಪ್ಪಾಳೆ, ಕೂಗು ಎಲ್ಲವನ್ನೂ ಸೋಸಿ ತೆಗೆದೇ ಕೇಳುವುದು ಇವನ ಪದ್ಧತಿ. ಅದೆಲ್ಲ ಬರೀ ಗಲಾಟೆ ಎಂದು ಗೊಣಗಿಕೊಂಡೇ ಸೋಸದ ಮೂಲ ಪ್ಲೇಟನ್ನು ಹಾಕಿದ. ಹಾಡಿನ ನಡುವೆ ಚಪ್ಪಾಳೆಯ ಗುಂಪಿನಿಂದ ಯಾರೋ ಹುರುಪಿನಿಂದ ಕೂಗಿದರು. ಕೂಗಿನ ಕೊನೆಗೊಂದು ಕೆಮ್ಮು.

ಆಕೆ ಎದ್ದೇ ನಿಂತಳು. "ನಮ್ಮಪ್ಪ. ಸುಳ್ಳು ಹೇಳಿದ್ರೆ ಹೇಳ್ಲಿ ಬಿಡಿ. ಅಲ್ಲಿದ್ರಲ್ಲ."

ಸಂಜೆ ಮನೆಗೆ ಬಂದವನು ಕೋಟನ್ನೂ ಬಿಚ್ಚದೆ ಹಳೆಯ ಟೇಪುಗಳ ಪೆಟ್ಟಿಗೆ ಎಳೆದ. ಹಿಂದೆಲ್ಲ ರೇಡಿಯೋದ ಮುಂದೆ ಮೈಕ್ ಇಟ್ಟು ಗಿಟಾರ್ ವಾದನವನ್ನು ಟೇಪಿಗೆ ಇಳಿಸಿಕೊಳ್ಳುವಾಗ ಹೆಂಡತಿ ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆಗೆದು ಏನಾದರೂ ಕೇಳುವಳು. ಇವನು ಹಾರಾಡುವನು. ಆಮೇಲೆ ಅವಳ ಮಾತಿದ್ದ ತುಂಡನ್ನು ಕತ್ತರಿಸಿ ಬಿಸಾಡಿ, ಟೇಪನ್ನು ಅಂಟಿಸುವನು. ಅವಳು ತೀರಿಕೊಂಡ ಮೇಲೆ ಆ ಬಾಗಿಲನ್ನು ಬೇರೆ ಯಾರೂ ತೆಗೆದಿಲ್ಲ. ಕಣ್ತಪ್ಪಿ ಒಂದು ಮಾತಾದರೂ ಉಳಿದಿದ್ದೀತೆಂದು ಒಂದೊಂದೇ ಟೇಪು ಹಾಕಿ ಕೇಳಿದ. ಆದರೆ ಅವನ ಕೈಕೆಲಸ ಬಲು ಅಚ್ಚುಕಟ್ಟು. ಒಂದು ಮಾತೂ ಉಳಿದಿರಲಿಲ್ಲ.

ಕೊನೆಯ ಟೇಪಿನಲ್ಲಿ ಮಾತ್ರ ಕತ್ತರಿ ತುಸು ತಡವಾಗಿ ಬಿದ್ದಿತ್ತು. ಬಾಗಿಲು ಕಿರುಗುಟ್ಟಿತು, ಮಾತಾಡಲು ಅವಳು ಉಸಿರೆಳೆದುಕೊಂಡಳು, ಅಷ್ಟರಲ್ಲೇ ಎಲ್ಲ ಮುಗಿದು ಬರೀ ಗಿಟಾರ್.

ಅವನು ಟೇಪನ್ನು ಹಿಂದಕ್ಕೆ ಸುತ್ತಿದ. ಬಾಗಿಲು ಮತ್ತೆ ತೆರೆಯಿತು.